ಪಕ್ಕದ ಸೀಟಿನಲ್ಲಿ ಅವಳಿದ್ದರೆ ಡ್ರಿಫ್ಟ್ ಮಾಡುವ ಮುಂಚೆ

ಹುಬ್ಬಳ್ಳಿಯ ಗೋಕುಲ ರೋಡಿನಲ್ಲಿ ನನ್ನದೊಂದು ಟೈರ್ ಅಂಗಡಿ. ಹ್ಯಾಂಡ್‌ಬ್ರೇಕ್ ಎಳೆದು ಕಾರು ತಿರುಗಿಸಿದ ಹುಡುಗ ಬಂದರೆ ಅವನು ಬಾಯಿ ಬಿಡುವುದೇ ಬೇಡ. ಹಿಂದಿನ ಟೈರು ಒಂದೇ ಕಡೆ ಅಂಗೈಯಷ್ಟು ಬೋಳಾಗಿರುತ್ತದೆ. ಉಳಿದದ್ದೆಲ್ಲ ಹೊಸದರ ಹಾಗೆ. "ಯಾರಿಗೆ ತೋರ್ಸಾಕ ಹೋಗಿದ್ದೀಯೋ ತಮ್ಮಾ?" ಅಂತ ಕೇಳುತ್ತೇನೆ. ನಾಚಿಕೊಂಡು ನಗುತ್ತಾನೆ.

ಮೊದಲು ಗಾಡಿ ಯಾವುದು ನೋಡಿಕೊಳ್ಳಿ. ಹಿಂದಿನ ಗಾಲಿ ಜಾರುತ್ತಿರುವಾಗಲೇ ಆಕ್ಸಿಲರೇಟರ್ ಹಿಡಿದು ತಿರುವು ದಾಟಿಸುವುದು ಡ್ರಿಫ್ಟ್. ಸ್ವಿಫ್ಟ್‌ನಲ್ಲಿ ಇಂಜಿನ್ ತಿರುಗಿಸುವುದು ಮುಂದಿನ ಗಾಲಿಯನ್ನು, ಅದಕ್ಕೇ ಹಿಂದಿನ ಜಾರನ್ನು ಹಿಡಿದಿಡಲು ಆಗುವುದಿಲ್ಲ. ಜಪಾನಿನ ಡ್ರಿಫ್ಟ್ ಚಾಲಕ ಕೆಯಿಚಿ ತ್ಸುಚಿಯಾ ಹೆಸರು ಮಾಡಿದ ಟೊಯೊಟಾ ಎಇ86 ಕಾರಿನಲ್ಲಿ ಇಂಜಿನ್ ತಿರುಗಿಸುವುದು ಹಿಂದಿನ ಗಾಲಿಯನ್ನು. ನಮ್ಮ ಮಾರುತಿ ಓಮ್ನಿಯೂ ಅದೇ ಜಾತಿ. ನಗಬೇಡಿ.

ನಾನು ಓಮ್ನಿಯಲ್ಲೇ ಕೆಟ್ಟಿದ್ದು. ಮದುವೆ ಗೊತ್ತಾದ ಹೊಸತು, ಪಕ್ಕದಲ್ಲಿ ಆ ಹುಡುಗಿ. ಊರ ಹೊರಗಿನ ಖಾಲಿ ಲೇಔಟು, ಮಳೆಗೆ ಎರೆಮಣ್ಣು ಬೆಣ್ಣೆಯಾಗಿತ್ತು. ಬಲಕ್ಕೆ ತಿರುಗಿಸಿ ಗ್ಯಾಸ್ ಕೊಟ್ಟೆ. ಹಿಂಭಾಗ ಎಡಕ್ಕೆ ಹೋಯಿತು. ಆಗ ಸ್ಟೇರಿಂಗನ್ನೂ ಎಡಕ್ಕೇ ತಿರುಗಿಸಬೇಕು. ನಾನು ಬಲಕ್ಕೇ ಹಿಡಿದು ಕೂತೆ. ಗಾಡಿ ಬುಗುರಿಯಂತೆ ಸುತ್ತಿ ಗಡಿಕಲ್ಲಿಗೆ ಬಡಿಯಿತು. ಅವಳ ಕೈಯಲ್ಲಿದ್ದ ಮಂಡಕ್ಕಿ ಗಿರಮಿಟ್ ಡ್ಯಾಶ್‌ಬೋರ್ಡ್ ತುಂಬಾ. "ಮೊದ್ಲ ನನ್ನ ಬಸ್ ಸ್ಟ್ಯಾಂಡಿಗೆ ಬಿಡ್ರಿ" ಅಂದಳು. ಆಮೇಲೆ ಹದಿನೈದು ದಿನ ಫೋನೇ ಇಲ್ಲ.

ಎದೆ ಬಡಿದರೆ ಪ್ರೀತಿ ಹುಟ್ಟುತ್ತೆ ಅಂತ ಯಾರೋ ಹೇಳಿದ್ದರು. ಪೂರ್ತಿ ಸುಳ್ಳಲ್ಲ. 1974ರಲ್ಲಿ ಡಟನ್ ಮತ್ತು ಆರನ್ ಅನ್ನುವ ಮನಶ್ಶಾಸ್ತ್ರಜ್ಞರು ಕೆನಡಾದ ಕ್ಯಾಪಿಲಾನೋ ತೂಗುಸೇತುವೆ ಮೇಲೆ ಪರೀಕ್ಷೆ ಮಾಡಿದ್ದರು. ಅಲ್ಲಿ ಒಬ್ಬ ಹುಡುಗಿಯ ನಂಬರ್ ಪಡೆದ 18 ಗಂಡಸರಲ್ಲಿ 9 ಜನ ಫೋನ್ ಮಾಡಿದರು. ಗಟ್ಟಿ ಸೇತುವೆಯಲ್ಲಿ 16ರಲ್ಲಿ ಇಬ್ಬರೇ. ಭಯದ ಬಡಿತವನ್ನು ಎದುರಿಗಿದ್ದವರ ಲೆಕ್ಕಕ್ಕೆ ಬರೆದುಕೊಂಡರು ಅಂತ ಆ ಮನಶ್ಶಾಸ್ತ್ರಜ್ಞರ ವಿವರಣೆ. ಆದರೆ ಆ ಸೇತುವೆಗೆ ಆ ಗಂಡಸರೇ ನಡೆದು ಹೋಗಿದ್ದರು, ಅಲ್ವಾ? ಹುಡುಗಿ ಬಂದು ಸೇತುವೆ ಅಲ್ಲಾಡಿಸಲಿಲ್ಲ.

ಅದಕ್ಕೇ ಮೊದಲು ಕೇಳಿ. ಅವಳು ಬೇಡ ಅಂದರೆ ಸುಮ್ನೆ ಪೇಢೆ ತಿನ್ನಲು ಧಾರವಾಡಕ್ಕೆ ಹೋಗಿ. ಹೂಂ ಅಂದರೂ ರೋಡಿನ ಮೇಲೆ ಬೇಡ. ಮೋಟಾರು ವಾಹನ ಕಾಯ್ದೆಯ 184ನೇ ಕಲಮಿನಲ್ಲಿ ಅಪಾಯಕಾರಿ ಚಾಲನೆಗೆ ಮೊದಲ ಸಲ 5,000 ರೂಪಾಯಿವರೆಗೆ ದಂಡ ಇದೆ, ಜೈಲೂ ಇದೆ. ಎದುರಿಗೆ ಬರುವವರ ಜೀವಕ್ಕಂತೂ ರೇಟೇ ಇಲ್ಲ. ಟ್ರ್ಯಾಕಿನಲ್ಲಿ, ಕಲಿಸುವವರ ಹತ್ತಿರ, ಮೊದಲು ಒಬ್ಬರೇ ಕಲಿಯಿರಿ. ಡ್ರಿಫ್ಟ್ ಸ್ಪರ್ಧೆಯಲ್ಲೂ ಬರೀ ವೇಗಕ್ಕೆ ಮಾರ್ಕ್ಸ್ ಇಲ್ಲ. ಗಾಡಿ ಹಿಡಿದ ದಾರಿ, ಜಾರಿದ ಕೋನ, ಶೈಲಿ ನೋಡುತ್ತಾರೆ. ಪಕ್ಕದಲ್ಲಿ ಕೂತವಳೂ ನೋಡುವುದು ಅದನ್ನೇ, ಗಾಡಿ ಇವನ ಕೈಯಲ್ಲಿದೆಯೋ ಇಲ್ಲವೋ ಅಂತ.

ಮತ್ತೆ ಅವಳ ಕಾಲು ನೋಡಿ. ಇಲ್ಲದ ಬ್ರೇಕ್ ತುಳಿಯುತ್ತಿದ್ದರೆ, ಮಾತು ನಿಂತಿದ್ದರೆ, ನೀವೂ ನಿಲ್ಲಿಸಿ. ನಕ್ಕು "ಇನ್ನೊಮ್ಮೆ" ಅಂದರೆ ಅದು ಬೇರೆ ಮಾತು.

ಗಿರಮಿಟ್ ಮಾತ್ರ ಆಮೇಲೆ ತಗೊಳ್ಳಿ. ಪುಟಾಣಿ ಹಿಟ್ಟು ಡ್ಯಾಶ್‌ಬೋರ್ಡಿನ ಸಂದಿಗೆ ಹೊಕ್ಕರೆ ವರ್ಷವಾದರೂ ಹೋಗುವುದಿಲ್ಲ.