ಹುರಿಯುವಾಗ ಓದಬೇಡಿ: ಎರಡು ಮಕ್ಕಳು, ಒಂದು ಮಿಕ್ಸಿ ಇರುವ ಮನೆಯಲ್ಲಿ ಚಟ್ನಿ ಪುಡಿ ಮಾಡಿ ಮಾರೋದು ಹೇಗೆ

ನನ್ನ ಮೊದಲ ಎರಡು ಕೆಜಿ ಶೇಂಗಾ ಕರಕಲಾಗಿದ್ದು ಒಂದು ಕಾದಂಬರಿಯಿಂದ. ಎಡಗೈಯಲ್ಲಿ ಪುಸ್ತಕ, ಬಲಗೈಯಲ್ಲಿ ಸೌಟು. ಪುಟ ತಿರುವಲು ಸೌಟು ಕೆಳಗಿಟ್ಟೆ, ಮತ್ತೆ ಎತ್ತಿಕೊಂಡ ನೆನಪಿಲ್ಲ. "ಏನೋ ಸೀದ ವಾಸನೆ ಬರ್ತೈತಲ್ಲವ್ವಾ" ಅಂತ ಅತ್ತೆ ಹಿತ್ತಲಿಂದ ಕೂಗಿದಾಗಲೇ ಎಚ್ಚರ. ಅವತ್ತು ನಷ್ಟವಾಗಿದ್ದು ಮುನ್ನೂರು ರೂಪಾಯಿ. ಕಲಿತಿದ್ದನ್ನು ಇಲ್ಲಿ ಬರೆದಿದ್ದೀನಿ.

ನಮ್ಮದು ದಾವಣಗೆರೆ, ನಿಟುವಳ್ಳಿ. ಮಗಳು ಎಂಟನೇ ಕ್ಲಾಸು, ಮಗ ಎರಡನೇದು. ಮನೆಯವರು ಮಂಡಿಪೇಟೆಯ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಾರೆ, ಮನೆಗೆ ಬರೋದು ರಾತ್ರಿ ಒಂಬತ್ತಕ್ಕೆ. ಹಾಗಾಗಿ "ದಿನಕ್ಕೆ ಎರಡು ಗಂಟೆ ನಿಮ್ಮ ಕೆಲಸಕ್ಕೆ ತೆಗೆದಿಡಿ" ಎನ್ನುವ ಉಪದೇಶ ನನಗೆ ಕೆಲಸಕ್ಕೆ ಬರಲಿಲ್ಲ. ಎರಡು ಗಂಟೆ ಒಟ್ಟಿಗೆ ಸಿಗುವ ಮನೆ ಯಾವುದಿದೆಯೋ!

ನಾನು ಮಾಡಿದ್ದು ಇಷ್ಟೇ. ಗಂಟೆ ಲೆಕ್ಕ ಬಿಟ್ಟು ಕೆಲಸಗಳನ್ನೇ ಎರಡು ಪಾಲು ಮಾಡಿದೆ: ನಡುವೆ ಬಿಟ್ಟೆದ್ದರೆ ಕೆಡುವಂಥವು, ಬಿಟ್ಟೆದ್ದರೂ ಕೆಡದಂಥವು. ಹುರಿಯೋದು ಮೊದಲನೆಯದು. ಮಿಕ್ಸಿಗೆ ಹಾಕೋದೂ ಹಾಗೇ. ಕಾಳು ಆರಿಸೋದು, ಬೆಳ್ಳುಳ್ಳಿ ಬಿಡಿಸೋದು, ತೂಕ ಮಾಡೋದು, ಲೇಬಲ್ ಅಂಟಿಸೋದು ಎರಡನೆಯವು. ನೀವು ಹೊಲಿಗೆಯನ್ನೇ ಮಾಡಿ, ಟ್ಯೂಷನ್ನೇ ಹೇಳಿಕೊಡಿ, ಮೊದಲು ಈ ಪಟ್ಟಿಯನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಕೆಡುವ ಕೆಲಸಕ್ಕೆ ಮಕ್ಕಳು ಏಳುವ ಮುಂಚಿನ ಹೊತ್ತು, ಉಳಿದದ್ದಕ್ಕೆ ಚೂರುಪಾರು ಹೊತ್ತು.

ಇನ್ನು ಶೇಂಗಾ. ದಪ್ಪ ತಳದ ಬಾಣಲೆ, ಸಣ್ಣ ಉರಿ. ಒಂದು ಕೆಜಿಗೆ ನನಗೆ ಇಪ್ಪತ್ತೈದು ನಿಮಿಷ ಹಿಡಿಯುತ್ತದೆ. ಸಿಪ್ಪೆ ಅಲ್ಲಲ್ಲಿ ಬಿರಿದು, ಬೆರಳಲ್ಲಿ ಉಜ್ಜಿದರೆ ಕಳಚಿ ಬಂದರೆ ಸಾಕು. ಇಳಿಸಿದ ಮೇಲೂ ಬಾಣಲೆಯ ಬಿಸಿಗೆ ಕಾಳು ಹುರಿಯುತ್ತಲೇ ಇರುತ್ತದೆ, ಆದ್ದರಿಂದ ಕೂಡಲೇ ಅಗಲವಾದ ತಟ್ಟೆಗೆ ಸುರಿಯಿರಿ. ಪೂರ್ತಿ ಆರದೆ ಮಿಕ್ಸಿಗೆ ಹಾಕಬೇಡಿ. ಬಿಸಿ ಕಾಳು ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ. ಆರಿದ್ದನ್ನೂ ಒಂದೇ ಸಮ ತಿರುಗಿಸದೆ, ಬಿಟ್ಟು ಬಿಟ್ಟು ತಿರುಗಿಸಿ ತರಿತರಿಯಾಗಿ ನಿಲ್ಲಿಸಿ. ಮೆಣಸಿನಕಾಯಿ ಬ್ಯಾಡಗಿಯದೇ ಆಗಬೇಕು ನನಗೆ. ಅದು ಬಣ್ಣ ಕೊಡುತ್ತದೆ, ಖಾರ ಕಡಿಮೆ. ಖಾರ ಬೇಕೆನ್ನುವವರಿಗೆ ನಾಲ್ಕು ಗುಂಟೂರು ಮೆಣಸಿನಕಾಯಿ ಸೇರಿಸುತ್ತೇನೆ. ಬೆಳ್ಳುಳ್ಳಿಯ ಪಸೆ ಪುಡಿಯನ್ನು ಬೇಗ ಹಾಳು ಮಾಡುತ್ತದೆ. ಎಸಳುಗಳನ್ನು ಜಜ್ಜಿ, ಬಾಣಲೆಯಲ್ಲಿ ಒಣಗುವವರೆಗೆ ಬಾಡಿಸಿಯೇ ಹಾಕುತ್ತೇನೆ. ಅಷ್ಟಾದರೂ ಬೆಳ್ಳುಳ್ಳಿ ಪುಡಿಯನ್ನು ಒಂದು ತಿಂಗಳಿನೊಳಗೆ ಮುಗಿಸಿ ಅಂತಲೇ ಹೇಳಿ ಕೊಡೋದು.

ದುಡ್ಡಿನ ಲೆಕ್ಕವನ್ನು ಮನೆಯವರು ಹಾಕಿಕೊಟ್ಟರು. ಶೇಂಗಾ ಒಂದು ಕೆಜಿ 150, ಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಹುಣಸೆ, ಉಪ್ಪು ಸೇರಿ 60, ಗ್ಯಾಸು ಕರೆಂಟಿಗೆ 20, ಐದು ಕವರು ಲೇಬಲ್ಲಿಗೆ 30. ಒಟ್ಟು 260. ಇದರಲ್ಲಿ 200 ಗ್ರಾಮಿನ ಐದು ಪ್ಯಾಕೆಟ್ ಆಗಿ, ಮನೆಯ ಡಬ್ಬಿಗೂ ಸ್ವಲ್ಪ ಉಳಿಯುತ್ತದೆ. ಪ್ಯಾಕೆಟ್ 80ರಂತೆ ನಾನೇ ಮಾರಿದರೆ 400, ಕೈಗೆ 140. ಅಂಗಡಿಗೆ 65ರಂತೆ ಕೊಟ್ಟರೆ ಉಳಿಯೋದು ಬರೀ 65! "ಹಂಗಾದ್ರೆ ನಿನ್ನ ಕೂಲಿ ಎಲ್ಲೇ?" ಅಂದರು. ನಾನು ಉತ್ತರ ಕೊಡಲಿಲ್ಲ, ಅಂಗಡಿಗೆ ಕೊಡೋದು ಬಿಟ್ಟೆ. ಈಗ ನಮ್ಮ ಬೀದಿ, ಮಕ್ಕಳ ಸ್ಕೂಲಿನ ತಾಯಂದಿರು, ಅತ್ತೆಯ ಭಜನೆ ಬಳಗ, ಇಷ್ಟೇ ಗಿರಾಕಿ. ನಮ್ಮೂರಲ್ಲಿ ಮಂಡಕ್ಕಿ ಇರೋವರೆಗೂ ಶೇಂಗಾ ಪುಡಿಗೆ ಬರವಿಲ್ಲ. ಈರುಳ್ಳಿ ಹೆಚ್ಚಿ, ಹಸಿ ಎಣ್ಣೆ ನಾಲ್ಕು ಹನಿ ಬಿಟ್ಟು, ಎರಡು ಚಮಚ ಪುಡಿ ಕಲಸಿದರೆ ಸಂಜೆ ಮಕ್ಕಳಿಗೆ ಅದೇ ತಿಂಡಿ.

ಮನೆಯಲ್ಲೇ ಮಾಡೋದು ತಾನೇ ಅಂತ ಕಾಗದಪತ್ರ ಬಿಡಬೇಡಿ. ತಿನ್ನುವ ಪದಾರ್ಥ ಮಾರಲು ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರದ, ಅಂದರೆ ಎಫ್‌ಎಸ್‌ಎಸ್‌ಎಐ ನೋಂದಣಿ ಬೇಕು. ಫೋಟೋ, ಆಧಾರ್, ವಿಳಾಸದ ದಾಖಲೆ ಇಟ್ಟು ಆನ್‌ಲೈನಿನಲ್ಲಿ ಅರ್ಜಿ ಹಾಕಿದೆ. ನಾನು ಮಾಡಿಸಿದಾಗ ಸಣ್ಣ ವ್ಯಾಪಾರಕ್ಕೆ ವರ್ಷಕ್ಕೆ 100 ರೂಪಾಯಿ ಶುಲ್ಕ ಇತ್ತು. ಸೈಬರ್ ಸೆಂಟರಿನ ಹುಡುಗ ತನ್ನ ಕೈಖರ್ಚು ಅಂತ ಅದಕ್ಕಿಂತ ಜಾಸ್ತಿ ಕೇಳಿದ, ಆ ಮಾತು ಬೇರೆ. ಸಿಗುವ 14 ಅಂಕಿಯ ಸಂಖ್ಯೆಯನ್ನು ಲೇಬಲ್ಲಿನ ಮೇಲೆ ಹಾಕಬೇಕು. ಜೊತೆಗೆ ಏನೇನು ಹಾಕಿದ್ದೀರಿ, ತೂಕ, ಮಾಡಿದ ದಿನ, ಎಷ್ಟು ದಿನ ಬಳಸಬಹುದು, ಬೆಲೆ, ನಿಮ್ಮ ವಿಳಾಸ, ಸಸ್ಯಾಹಾರದ ಹಸಿರು ಗುರುತು.

ಓದಿನ ವಿಷಯಕ್ಕೆ ಬರುತ್ತೇನೆ. ಕೆಲಸ ಶುರುವಾದ ಮೂರು ತಿಂಗಳು ಒಂದು ಪುಸ್ತಕವನ್ನೂ ಮುಟ್ಟಲಿಲ್ಲ, ಸಿಡುಕಿ ಆಗಿಬಿಟ್ಟಿದ್ದೆ. ಆಮೇಲೆ ಪುಸ್ತಕಗಳಿಗೂ ಅದೇ ಪಾಲು ಹಾಕಿದೆ. ನಡುವೆ ಬಿಟ್ಟರೆ ಕೆಡುವ ಓದು ದಪ್ಪ ಕಾದಂಬರಿ. ಅದು ಭಾನುವಾರ ಮಧ್ಯಾಹ್ನಕ್ಕೆ, ಎಲ್ಲರೂ ಮಲಗಿದಾಗ. ಬಿಟ್ಟರೂ ಕೆಡದ್ದು ವಚನ, ಸಣ್ಣ ಪ್ರಬಂಧ. ನಲ್ಲಿ ನೀರು ಬಂದು ಡ್ರಮ್ಮು ತುಂಬುವಷ್ಟರಲ್ಲಿ ಎರಡು ವಚನ ಆಗುತ್ತದೆ. ಒಂದನ್ನೇ ಎರಡು ಸಲ ಓದಿದರೆ ಇನ್ನೂ ಒಳ್ಳೇದು.

ಪುಸ್ತಕ ಕೊಳ್ಳಲು ದುಡ್ಡಿಲ್ಲ ಅನ್ನುವವರು ಮನೆ ಕಂದಾಯದ ರಸೀದಿ ನೋಡಿ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಂತೆ ಕಂದಾಯದ ನೂರಕ್ಕೆ 6 ರೂಪಾಯಿ ಗ್ರಂಥಾಲಯ ಕರ ಕಟ್ಟಿರುತ್ತೀರಿ. ಸಾರ್ವಜನಿಕ ಗ್ರಂಥಾಲಯಕ್ಕೆ ಹೋಗಿ ಸದಸ್ಯರಾಗಿ, ಕೊಟ್ಟಿದ್ದನ್ನು ವಸೂಲು ಮಾಡಿಕೊಳ್ಳಿ.

ಹುರಿಯುವಾಗ ಓದಬಾರದು ಅಂದೆನಲ್ಲ, ಕೇಳಬಹುದು. ರಜೆಯಲ್ಲಿ ಮಗಳು ಅಡುಗೆಮನೆಯ ಕಟ್ಟೆ ಹತ್ತಿ ಕೂತು ಜೋರಾಗಿ ಓದುತ್ತಾಳೆ, ನಾನು ಸೌಟು ಆಡಿಸುತ್ತೇನೆ. ಕಣ್ಣು ಕೈ ಶೇಂಗಾಕ್ಕೆ, ಕಿವಿ ಅವಳಿಗೆ. ಅರ್ಧ ಗಂಟೆಗೆ ಹತ್ತು ರೂಪಾಯಿ ಕೇಳುತ್ತಾಳೆ. ಅದನ್ನೂ ಖರ್ಚಿನ ಪುಟಕ್ಕೆ ಬರೆದಿದ್ದೀನಿ, ಮನೆಯವರು ಇನ್ನೂ ನೋಡಿಲ್ಲ.

ಮಗನಿಗೆ ಕೊಟ್ಟಿರೋದು ಲೇಬಲ್ ಕೆಲಸ. ಅಕ್ಷರ ಕೂಡಿಸಿ ಓದುತ್ತಾ ಅಂಟಿಸುತ್ತಾನೆ. ಕಳೆದ ವಾರ, "ಅಮ್ಮಾ, ಬೆಳ್ಳುಳ್ಳಿಗೆ ಎರಡು ಒತ್ತು ಅಲ್ವಾ? ಇಲ್ಲಿ ಒಂದೇ ಐತೆ" ಅಂದ. ಇನ್ನೂರು ಲೇಬಲ್ ಹಾಗೇ ಪ್ರಿಂಟ್ ಆಗಿತ್ತು, ನಾನೇ ನೋಡಿ ಒಪ್ಪಿಕೊಟ್ಟಿದ್ದು. ಈಗ ಕಪ್ಪು ಪೆನ್ನಿನಲ್ಲಿ ಒಂದೊಂದಕ್ಕೂ ಒತ್ತು ಬರೀತಾ ಇದ್ದೀವಿ. ಬಿಟ್ಟೆದ್ದರೂ ಕೆಡದ ಕೆಲಸ, ಅರವತ್ತು ಮುಗಿದಿದೆ.