ಹಿಂದಿನ ಸಾಲಿನವರೆಗೂ ಪಾಠ ತಲುಪಿಸುವುದು ಹೇಗೆ?

"ತಿಳೀತೇನ್ರೋ?" ಅಂತ ಕೇಳಿದರೆ ಇಡೀ ತರಗತಿ "ಹೂಂ ರೀ ಸರ" ಅನ್ನುತ್ತದೆ. ಆ ಉತ್ತರ ನಂಬಬೇಡಿ. ಒಂದು ಲೆಕ್ಕ ಕೊಟ್ಟು ಎಲ್ಲರೂ ಒಟ್ಟಿಗೆ ಪಾಟಿ ಎತ್ತಲಿ ಅನ್ನಿ. ಯಾರಿಗೆ ಬಂತು, ಯಾರು ಪಕ್ಕದವರದ್ದು ನೋಡಿ ಬರೆದರು, ಯಾರ ಪಾಟಿ ಖಾಲಿ ಇದೆ ಅನ್ನೋದು ಒಂದೇ ನೋಟಕ್ಕೆ ಗೊತ್ತಾಗುತ್ತದೆ. ಸ್ಮಾರ್ಟ್ ಬೋರ್ಡ್ ಬರಲಿ ಅಂತ ಕಾಯಬೇಡಿ, ಮೊದಲು ಇದು.

ಖಾಲಿ ಪಾಟಿಯ ಮಗುವನ್ನು ದಡ್ಡ ಅನ್ನಬೇಡಿ, ಕಾರಣ ಹುಡುಕಿ. ಗದಗ, ಹಾವೇರಿ ಕಡೆ ತಾಂಡಾದಿಂದ ಬರುವ ಮಕ್ಕಳು ಮನೇಲಿ ಲಂಬಾಣಿ ಮಾತಾಡುತ್ತಾರೆ, ಸವಣೂರು, ಹುಬ್ಬಳ್ಳಿಯ ಎಷ್ಟೋ ಮನೆಗಳಲ್ಲಿ ಉರ್ದು. ಒಂದನೇ ತರಗತಿಯಲ್ಲಿ ಅವರಿಗೆ ಪಾಠಕ್ಕಿಂತ ಮೊದಲು ಕನ್ನಡವೇ ಹೊಸದು ಅಲ್ವಾ? ಹೊಸ ಪದ ಬಂದಾಗ ಚಿತ್ರ ಬರೆದು "ನಿಮ್ಮ ಮನ್ಯಾಗ ಇದಕ್ಕ ಏನಂತೀರಿ?" ಅಂತ ಕೇಳಿ. ಮಗು ಹೇಳಿದ್ದನ್ನು ಫೋನ್‌ನಲ್ಲಿ ರೆಕಾರ್ಡ್ ಮಾಡಿ ಮರುದಿನ ಎಲ್ಲರಿಗೂ ಕೇಳಿಸಿ. ಬಾಯಿ ಬಿಡದ ಮಗು ತನ್ನ ದನಿ ಕೇಳಿದಾಗ ಅದರ ಮುಖ ನೋಡಿ, ನಿಮಗೇ ತಿಳಿಯುತ್ತದೆ.

ಬೋರ್ಡ್ ಸರಿಯಾಗಿ ಕಾಣದಿದ್ದರೆ? ಮೊದಲು ಆ ಮಗುವಿನ ಜಾಗದಲ್ಲಿ ನೀವೇ ಕೂತು ನೋಡಿ, ಕಿಟಕಿ ಬೆಳಕು ಬಿದ್ದು ಅರ್ಧ ಬೋರ್ಡ್ ಬೆಳ್ಳಗೆ ಹೊಳೆಯುತ್ತಿರಬಹುದು. ಜಾಗ ಬದಲಿಸಿ. ಆಗಲೂ ಕಾಣದಿದ್ದರೆ ಬೋರ್ಡಿನ ಫೋಟೋ ತೆಗೆದು ಫೋನ್‌ನಲ್ಲಿ ದೊಡ್ಡದು ಮಾಡಿ ಕೊಡಿ, ಕಣ್ಣಿನ ತಪಾಸಣೆಗೆ ಪಾಲಕರಿಗೆ ಹೇಳಿ.

ಕಿವಿ ಮಂದ ಇದ್ದು ಓದಲು ಬರುವ ಮಕ್ಕಳಿಗೆ ಗೂಗಲ್‌ನ ಲೈವ್ ಟ್ರಾನ್ಸ್‌ಕ್ರೈಬ್ ಆ್ಯಪ್ ಉಪಯೋಗಕ್ಕೆ ಬರುತ್ತದೆ. ಅದು ಪುಕ್ಕಟೆ. ನೀವು ಆಡಿದ ಕನ್ನಡ ಪರದೆ ಮೇಲೆ ಅಕ್ಷರವಾಗಿ ಬರುತ್ತದೆ. ಗದ್ದಲದಲ್ಲಿ ತಪ್ಪು ಜಾಸ್ತಿ, ಹಾಗಾಗಿ ಫೋನ್ ನಿಮ್ಮ ಹತ್ತಿರ ಇರಲಿ. ಬೋರ್ಡಿಗೆ ಮುಖ ಮಾಡಿ ಮಾತಾಡಬೇಡಿ, ಎಷ್ಟೋ ಮಕ್ಕಳು ತುಟಿ ನೋಡಿಯೇ ಅರ್ಥ ಮಾಡಿಕೊಳ್ಳುತ್ತಾರೆ.

ಪಠ್ಯಪುಸ್ತಕದ ಕ್ಯೂಆರ್ ಕೋಡ್‌ನಿಂದ ಸರ್ಕಾರದ ಕಲಿಕಾ ಆ್ಯಪ್ ದೀಕ್ಷಾದ ವಿಡಿಯೋ ಸಿಗುತ್ತದೆ. ನೆಟ್‌ವರ್ಕ್ ಇರುವಲ್ಲೇ ಡೌನ್‌ಲೋಡ್ ಮಾಡಿಕೊಂಡು ಬನ್ನಿ. ಸುಮ್ನೆ ಹಚ್ಚಿಬಿಡಬೇಡಿ, ನಡುನಡುವೆ ನಿಲ್ಲಿಸಿ "ಮುಂದ ಏನಾಗತೈತಿ?" ಅಂತ ಕೇಳಿ.

ಇಷ್ಟಾದರೂ ಮಗು ಬರೆಯುವ ಅಕ್ಷರ ತಿರುವುಮುರುವು ಆಗುತ್ತಲೇ ಇದ್ದರೆ ತಾಲೂಕಿನ ಬಿಆರ್‌ಸಿಯಲ್ಲಿ (ಶಿಕ್ಷಣ ಇಲಾಖೆಯ ಸಂಪನ್ಮೂಲ ಕೇಂದ್ರ) ವಿಶೇಷ ಅಗತ್ಯದ ಮಕ್ಕಳಿಗೆ ನೆರವಾಗುವ ಬಿಐಇಆರ್‌ಟಿ ಶಿಕ್ಷಕರನ್ನು ಕೇಳಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪಟ್ಟಿ ಮಾಡಿದ 21 ಬಗೆಗಳಲ್ಲಿ ಕಲಿಕೆಯ ತೊಂದರೆಯೂ ಇದೆ. ಹೋಗುವಾಗ ಮಗುವಿನ ನೋಟ್‌ಬುಕ್ ಜೊತೆಗಿರಲಿ, ಹಳೆಯದೂ ಹೊಸದೂ ಎರಡೂ.