ಪಿಕಪ್ ಕೊಳ್ಳುವ ಮುಂಚೆ ಚಾಸಿಯ ಒಳಗೆ ನೋಡಿ

ಹಳೇ ಪಿಕಪ್ ನೋಡಲು ಯಾರಾದರೂ ಕರೆದರೆ ನಾನು ಬಾನೆಟ್ ಎತ್ತುವುದು ಕೊನೆಗೆ. ಇಂಜಿನ್ ಕೆಟ್ಟರೆ ಬಿಚ್ಚಿ ಸರಿ ಮಾಡಬಹುದು. ಗಾಡಿಯ ಭಾರವೆಲ್ಲ ಹೊರುವ ಅಡಿಯ ಕಬ್ಬಿಣದ ಚೌಕಟ್ಟನ್ನು, ಅಂದರೆ ಚಾಸಿಯನ್ನು, ತುಕ್ಕು ಒಳಗಿಂದ ತಿಂದಿದ್ದರೆ ಆ ಗಾಡಿಯಲ್ಲಿ ಮನೆಯವರನ್ನು ಕೂರಿಸುವುದೇ ತಪ್ಪು.

ತುಂಬಾ ಪಿಕಪ್‌ಗಳ ಚಾಸಿ ನಾಲ್ಕೂ ಕಡೆ ಮುಚ್ಚಿರುತ್ತದೆ, ಒಳಗೆ ಟೊಳ್ಳು. ನೀರು ಇಳಿಯಲು ಬಿಟ್ಟ ತೂತು ಕೆಸರಿನಿಂದ ಕಟ್ಟಿಕೊಂಡರೆ ಒಳಗೆ ಸದಾ ತೇವ. ಉಪ್ಪು ಸೇರಿದರೆ ಕೇಳುವುದೇ ಬೇಡ. ಹೊರಗಿನ ಬಣ್ಣ ಚೆನ್ನಾಗಿಯೇ ಇರುತ್ತದೆ, ಒಳಗೆ ತಗಡು ಸವೆಯುತ್ತಾ ಹೋಗುತ್ತದೆ. ಎರಡು ತಗಡು ಅಂಟಿಕೊಂಡಿರುವ ಕಡೆ ಇನ್ನೂ ಕಷ್ಟ. ತುಕ್ಕಿಗೆ ಕಬ್ಬಿಣಕ್ಕಿಂತ ಜಾಸ್ತಿ ಜಾಗ ಬೇಕು, ಹಾಗಾಗಿ ಅದು ತಗಡುಗಳನ್ನೇ ಅಗಲಿಸಿ ಉಬ್ಬಿಸುತ್ತದೆ.

ಬರೀ ಜಾಕ್ ಮೇಲೆ ನಿಂತ ಗಾಡಿಯ ಅಡಿಗೆ ದಯವಿಟ್ಟು ಹೋಗಬೇಡಿ. ಎತ್ತಲೇಬೇಕೆಂದರೆ ಸಮತಟ್ಟು ನೆಲ, ಚಕ್ರಕ್ಕೆ ಅಡ್ಡಗಟ್ಟೆ, ಆಕ್ಸಲ್ (ಎರಡೂ ಬದಿಯ ಚಕ್ರ ಜೋಡಿಸುವ ದಂಡ) ಕೆಳಗೆ ಸ್ಟ್ಯಾಂಡ್. ಅನುಮಾನವಿರುವ ಚಾಸಿಗೆ ಜಾಕ್ ಕೊಡಬಾರದು, ತಗಡನ್ನು ತೂರಿಕೊಂಡು ಹೋಗಬಹುದು. ಕಣ್ಣಿಗೆ ಕನ್ನಡಕ ಹಾಕಿ.

ನಾನು ಶುರು ಮಾಡುವುದು ಹಿಂದಿನಿಂದ. ಹಿಂದಿನ ಆಕ್ಸಲ್ ಮೇಲೆ ಚಾಸಿ ಬಾಗುವ ಜಾಗ, ಲೀಫ್ ಸ್ಪ್ರಿಂಗ್ ಹಿಡಿದಿರುವ ಬ್ರಾಕೆಟ್‌ಗಳು, ಸ್ಟೆಪ್ನಿ ನೇತುಹಾಕುವ ಅಡ್ಡಪಟ್ಟಿ. ಚಕ್ರ ಎರಚುವ ಕೆಸರೆಲ್ಲ ಇಲ್ಲೇ ಕೂರುತ್ತದೆ. 2009ರಲ್ಲಿ ಅಮೆರಿಕದಲ್ಲಿ ಟೊಯೊಟಾ 2000ದಿಂದ 2003ರವರೆಗಿನ ಟುಂಡ್ರಾ ಪಿಕಪ್‌ಗಳನ್ನು ವಾಪಸ್ ಕರೆಸಿದ್ದು ಈ ಅಡ್ಡಪಟ್ಟಿಗಾಗಿಯೇ. ಅದು ತುಕ್ಕು ಹಿಡಿದರೆ ಸ್ಟೆಪ್ನಿ ಕಳಚಿ ರಸ್ತೆಗೆ ಬೀಳುವ ಅಪಾಯವಿತ್ತು.

ಮಾರುವವರನ್ನು ಕೇಳಿಕೊಂಡು ಸಣ್ಣ ಸುತ್ತಿಗೆಯಿಂದ ಚಾಸಿಯ ಉದ್ದಕ್ಕೂ ತಟ್ಟುತ್ತಾ ಬನ್ನಿ. ಗಟ್ಟಿ ಕಬ್ಬಿಣ ಟಣ್ ಎನ್ನುತ್ತದೆ. ಸತ್ತ ಕಬ್ಬಿಣ ದಪ್ ಎನ್ನುತ್ತದೆ, ಒಳಗೆ ಚಕ್ಕೆ ಉದುರುವ ಸದ್ದೂ ಕೇಳಬಹುದು. ಮರದ ತೊಗಟೆಯ ಹಾಗೆ ಪದರ ಎದ್ದ ಕಡೆ ಸ್ಕ್ರೂಡ್ರೈವರ್ ಊರಿ ನೋಡಿ. ಮೇಲ್ಮೈಯ ಕೆಂಪು ಪುಡಿಗೆ ಹೆದರಬೇಡಿ, ಉಜ್ಜಿದರೆ ಹೋಗುತ್ತದೆ.

ನನಗೆ ನಿಜವಾಗಿ ಭಯ ಹುಟ್ಟಿಸುವುದು ಹೊಸದಾಗಿ ಬಳಿದ ದಪ್ಪ ಕಪ್ಪು ಬಣ್ಣ. ಹಳೇ ಗಾಡಿಯ ಅಡಿ ಮಾತ್ರ ಮಿರಿಮಿರಿ ಹೊಳೆಯುತ್ತಿದ್ದರೆ ಯಾಕೆ ಅಂತ ಕೇಳಬೇಕು, ಅಲ್ವಾ? ಅದರ ಕೆಳಗೆ ಫೈಬರ್ ತೇಪೆ ಇರಬಹುದು. ಮ್ಯಾಗ್ನೆಟ್ ಇಟ್ಟು ನೋಡಿ, ತೇಪೆಗೆ ಅದು ಅಂಟುವುದಿಲ್ಲ. ಆಮೇಲೆ ಫೋನಿಗೆ ಜೋಡಿಸುವ ತಂತಿ ಕ್ಯಾಮೆರಾವನ್ನು ಚಾಸಿಯ ತೂತಿನೊಳಗೆ ಬಿಡಿ. ಹೊರಗೆ ಎಷ್ಟೇ ಬಳಿದರೂ ಒಳಗಿನದು ಕಾಣುತ್ತದೆ.

ಬ್ರೇಕ್ ಪೈಪು, ಡೀಸೆಲ್ ಟ್ಯಾಂಕಿನ ಪಟ್ಟಿ, ಕ್ಯಾಬಿನ್ ಕೂತಿರುವ ರಬ್ಬರ್ ಬುಷ್‌ಗಳ ಜಾಗವನ್ನೂ ನೋಡಿಬಿಡಿ. ಕ್ಯಾಬಿನ್‌ಗೂ ಹಿಂದಿನ ತೊಟ್ಟಿಗೂ ನಡುವಿನ ಸಂದು ಮೇಲೆ ಕೆಳಗೆ ಒಂದೇ ಅಗಲ ಇಲ್ಲದಿದ್ದರೆ ಚಾಸಿ ಬಾಗಿರಬಹುದು.

ಸ್ಪ್ರಿಂಗ್, ಸಸ್ಪೆನ್ಷನ್ ಅಥವಾ ಸ್ಟೀರಿಂಗ್ ಬಾಕ್ಸ್ ಕೂರುವ ಕಡೆ ತೂತು ಕಂಡರೆ ನನ್ನ ಮಾತು ಒಂದೇ: ಕೊಳ್ಳಬೇಡಿ. ನಿಮ್ಮದೇ ಗಾಡಿಯಾದರೆ ಇವತ್ತೇ ನಿಲ್ಲಿಸಿ, ಚಾಸಿ ಕೆಲಸ ಗೊತ್ತಿರುವ ವೆಲ್ಡರ್‌ಗೆ ತೋರಿಸಿ. ಕೊಳೆತ ತಗಡಿನ ಮೇಲೆ ಸುಮ್ನೆ ಪ್ಲೇಟ್ ಕೂರಿಸಿದರೆ ಹಿಡಿಯುವುದಿಲ್ಲ, ಗಟ್ಟಿ ಕಬ್ಬಿಣ ಸಿಗುವವರೆಗೆ ಕತ್ತರಿಸಲೇಬೇಕು.

ಚಾಸಿ ಗಟ್ಟಿಯಿದ್ದರೆ ಇಳಿತೂತುಗಳನ್ನು ಬಿಡಿಸಿ, ಒಳಗೆ ನೀರು ಹಾಯಿಸಿ ಕೆಸರು ತೆಗೆಯಿರಿ. ಪೂರ್ತಿ ಒಣಗಿದ ಮೇಲೆ ಉದ್ದ ನಳಿಕೆಯಿಂದ ಎಣ್ಣೆ ಅಥವಾ ಮೇಣದ ಲೇಪನ ಒಳಗೆ ಸಿಂಪಡಿಸಿ, ಆದರೆ ಆ ತೂತುಗಳು ಮತ್ತೆ ಮುಚ್ಚಿಹೋಗದಂತೆ ನೋಡಿಕೊಳ್ಳಿ.